ಮೂವತ್ತು ದಿನದೊಳಗೆ ಕಣ್ಣು ತೋರಿಸಿ
ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಪತ್ರಗಳೆಲ್ಲ ಕಣ್ಣಿನವು. ಇನ್ನೂ ನಿರ್ದಿಷ್ಟವಾಗಿ ಹೇಳಬೇಕೆಂದರೆ ಅಕ್ಷಿಪಟಲದವು. ಡಾಕ್ಟರರು ರೆಟಿನಾ ಎಂದು ಕರೆಯುವ, ಕಣ್ಣುಗುಡ್ಡೆಯ ಒಳಗೋಡೆಗೆ ಅಂಟಿಕೊಂಡ ತೆಳ್ಳನೆಯ ನರಪದರ ಅದು. ಕೊಯಮತ್ತೂರಿನ ಗಣಪತಿ ಬಡಾವಣೆಯಿಂದ ಬಂದ ಪತ್ರ ಪತ್ರಿಕೆ ಅಚ್ಚಾಗುವವರೆಗೆ ಕಾಯುವಂತಿರಲಿಲ್ಲ. ಕೈಸೇರಿದ ದಿನವೇ ಆ ಮನೆಗೆ ಫೋನಿನಲ್ಲಿ ಉತ್ತರ ಹೇಳಿದ್ದಾಯಿತು. ಅದೇ ಸ್ಥಿತಿಯಲ್ಲಿರುವ ಬೇರೆ ಮನೆಗಳೂ ಇರುತ್ತವೆ ಎಂಬ ಕಾರಣಕ್ಕೆ ಅದನ್ನೇ ಮೊದಲು ಕೊಡುತ್ತಿದ್ದೇನೆ.

ನಮ್ಮದು ಕೊಯಮತ್ತೂರಿನ ಗಣಪತಿ. ಮನೆಯಲ್ಲಿ ಕನ್ನಡ, ಹೊರಗೆ ತಮಿಳು. ಮಗಳಿಗೆ ಏಳು ತಿಂಗಳು ತುಂಬುತ್ತಲೇ ಹೆರಿಗೆಯಾಯಿತು. ಚೀಟಿಯಲ್ಲಿ 31 ವಾರ, 1,450 ಗ್ರಾಂ ಎಂದು ಬರೆದಿದ್ದಾರೆ. ಪೆಟ್ಟಿಗೆಯಲ್ಲಿಟ್ಟು, ಆಕ್ಸಿಜನ್ ಕೊಟ್ಟು ಕೂಸನ್ನು ಉಳಿಸಿಕೊಟ್ಟರು. ಈಗ ಮನೆಗೆ ಬಂದಿದೆ. ಚೆನ್ನಾಗಿ ಹಾಲು ಕುಡಿಯುತ್ತದೆ, ಬೆಳಕು ಬಿದ್ದರೆ ಕಣ್ಣು ಮುಚ್ಚುತ್ತದೆ. 30 ದಿನದೊಳಗೆ ಕಣ್ಣಿನ ಆಸ್ಪತ್ರೆಗೆ ತೋರಿಸಲೇಬೇಕು ಅಂದಿದ್ದಾರೆ. ನಮ್ಮಲ್ಲಿ 40 ದಿನ ಆಗದೆ ಬಾಣಂತಿಯನ್ನೂ ಕೂಸನ್ನೂ ಹೊಸಿಲು ದಾಟಿಸುವುದಿಲ್ಲ. ಕಣ್ಣು ನೋಡಿದರೆ ಚೆನ್ನಾಗೇ ಇದೆ. ಹತ್ತು ದಿನ ತಡವಾದರೆ ಏನಾಗುತ್ತದೆ?
— ಒಬ್ಬ ಅಜ್ಜಿ, ಗಣಪತಿ, ಕೊಯಮತ್ತೂರು

ಅಮ್ಮ, ತಡಮಾಡಬೇಡಿ. ಹತ್ತು ದಿನದಲ್ಲಿ ದೃಷ್ಟಿ ಉಳಿಯುವುದೋ ಹೋಗುವುದೋ ತೀರ್ಮಾನವಾಗಿಬಿಡಬಹುದು. ಕೂಸಿನ ಕಣ್ಣು ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಒಳಗೆ ಏನು ನಡೆಯುತ್ತಿದೆ ಎಂಬುದು ನಿಮಗಾಗಲಿ ನನಗಾಗಲಿ ಕಾಣುವುದಿಲ್ಲ. ಪಾಪೆ ಅಗಲವಾಗುವಂತೆ ಔಷಧಿ ಹಾಕಿ, ಮಸೂರ ಹಿಡಿದು ನೋಡುವ ರೆಟಿನಾ ಡಾಕ್ಟರಿಗೆ ಮಾತ್ರ ಕಾಣುತ್ತದೆ.

ಒಳಗೆ ನಡೆಯುತ್ತಿರುವುದು ಇಷ್ಟು. 31 ವಾರಕ್ಕೆ ಹುಟ್ಟಿದ ಮಗುವಿನ ಅಕ್ಷಿಪಟಲದಲ್ಲಿ ನರಕೋಶಗಳು ಹೆಚ್ಚುಕಡಿಮೆ ಎಲ್ಲವೂ ಹುಟ್ಟಿ ಮುಗಿದಿರುತ್ತವೆ. ಅವುಗಳಿಗೆ ರಕ್ತ ತಲುಪಿಸುವ ನಾಳಗಳು ಮಾತ್ರ ಇನ್ನೂ ದಾರಿಯಲ್ಲಿರುತ್ತವೆ. ಆ ನಾಳಗಳು ಸುಮಾರು 16ನೆಯ ವಾರದಲ್ಲಿ ದೃಷ್ಟಿನರದ ಬುಡದಿಂದ ಹೊರಟು ಅಂಚಿನ ಕಡೆಗೆ ಹರಡುತ್ತವೆ. ಮೂಗಿನ ಬದಿಯ ಅಂಚು ತಲುಪುವುದು 36ನೆಯ ವಾರದ ಸುಮಾರಿಗೆ, ಕಿವಿಯ ಬದಿಯ ಅಂಚು ತಲುಪುವುದು 40ನೆಯ ವಾರದ ಹೊತ್ತಿಗೆ. ಕಾಲುವೆ ನೀರು ಕಟ್ಟಕಡೆಯ ಗದ್ದೆಗೆ ಕೊನೆಯಲ್ಲಿ ಬರುವ ಹಾಗೆ. ಬೇಗ ಹುಟ್ಟಿದ ಮಗುವಿನಲ್ಲಿ ಆ ಕೊನೆಯ ಭಾಗ ರಕ್ತನಾಳವಿಲ್ಲದೆ ಉಳಿದಿರುತ್ತದೆ.

ಗರ್ಭದೊಳಗೆ ಆಮ್ಲಜನಕ ಕಡಿಮೆ. ಆ ಕೊರತೆಯನ್ನು ಗ್ರಹಿಸಿದ ಪಟಲ ವಿಇಜಿಎಫ್ ಎಂಬ ವಸ್ತುವನ್ನು ಹೊರಸೂಸುತ್ತದೆ, ನಾಳಗಳು ಅದರ ಜಾಡು ಹಿಡಿದು ಬೆಳೆಯುತ್ತವೆ. ಮಗು ಅವಧಿಗೆ ಮೊದಲೇ ಹೊರಬಂದು ಉಸಿರಾಡತೊಡಗಿದರೆ ಆಮ್ಲಜನಕ ಒಮ್ಮೆಲೇ ಏರುತ್ತದೆ. ವಿಇಜಿಎಫ್‌ನ ಕರೆ ನಿಲ್ಲುತ್ತದೆ, ನಾಳಗಳೂ ಅರ್ಧದಾರಿಯಲ್ಲಿ ನಿಲ್ಲುತ್ತವೆ. ಕೆಲವು ವಾರಗಳಲ್ಲಿ ಬೆಳಕು ಹಿಡಿಯುವ ಕೋಶಗಳು ಬಲಿಯುತ್ತವೆ. ದೇಹದಲ್ಲಿ ಅತಿ ಹೆಚ್ಚು ಆಮ್ಲಜನಕ ಬೇಡುವ ಕೋಶಗಳಲ್ಲಿ ಅವೂ ಸೇರಿವೆ. ಅಲ್ಲಿ ರಕ್ತವಿಲ್ಲದ ಕಾರಣ ವಿಇಜಿಎಫ್ ಈಗ ಮಿತಿಮೀರಿ ಸುರಿಯುತ್ತದೆ. ಆಗ ಹುಟ್ಟುವ ನಾಳಗಳು ದಿಕ್ಕು ತಪ್ಪಿದ, ಸೋರುವ ನಾಳಗಳು. ಅವು ಗಾಯದ ಹುರಿಯಾಗಿ ಪಟಲವನ್ನು ಎಳೆದು ಗೋಡೆಯಿಂದ ಕಳಚುತ್ತವೆ. ಒಮ್ಮೆ ಪೂರ್ತಿ ಕಳಚಿತೆಂದರೆ ಎಂಥ ಶಸ್ತ್ರಚಿಕಿತ್ಸೆಯೂ ನೋಟವನ್ನು ಅಷ್ಟಾಗಿ ಮರಳಿಸುವುದಿಲ್ಲ. ಇದಕ್ಕೆ ಆರ್‌ಒಪಿ ಎನ್ನುತ್ತಾರೆ, ಅವಧಿಪೂರ್ವ ಶಿಶುಗಳ ರೆಟಿನಾ ರೋಗ.

30 ದಿನದ ಲೆಕ್ಕ ಎಲ್ಲಿಂದ ಬಂತೆಂದು ಈಗ ತಿಳಿಯುತ್ತದೆ. ನಿಮ್ಮ ಮೊಮ್ಮಗನಿಗೆ 30 ದಿನ ತುಂಬುವಾಗ ಗರ್ಭದ ಲೆಕ್ಕದಲ್ಲಿ 35 ವಾರ ದಾಟಿರುತ್ತದೆ. ರೋಗ ಬರುವುದಿದ್ದರೆ ತಲೆಯೆತ್ತುವುದು ಆ ಸುಮಾರಿಗೆ. ಆಗ ಹಿಡಿದರೆ, ನಾಳವಿಲ್ಲದ ಅಂಚಿಗೆ ಲೇಸರ್ ಹಾಕಿ ಅಥವಾ ವಿಇಜಿಎಫ್ ತಡೆಯುವ ಇಂಜೆಕ್ಷನ್ ಕೊಟ್ಟು ನಿಲ್ಲಿಸುತ್ತಾರೆ. ಚಿಕಿತ್ಸೆ ಬೇಕೆಂದು ಗೊತ್ತಾದ ಮೇಲೆ ಎರಡು ಮೂರು ದಿನದೊಳಗೆ ಆಗಬೇಕು. ನಮ್ಮ ದೇಶದಲ್ಲಿ 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಗುವ ಎಲ್ಲ ಮಕ್ಕಳನ್ನೂ 30 ದಿನದೊಳಗೆ ನೋಡಬೇಕೆಂಬುದು ನಿಯಮ. 28 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 1,200 ಗ್ರಾಂಗಿಂತ ಕಡಿಮೆ ಇದ್ದ ಮಕ್ಕಳನ್ನು ಇನ್ನೂ ಬೇಗ, ಎರಡು ಮೂರು ವಾರಕ್ಕೇ ನೋಡಬೇಕು. ಅಮೆರಿಕದ ಮಿತಿ 30 ವಾರ, 1,500 ಗ್ರಾಂ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಶಿಶುಗಳಿಗೂ ಈ ರೋಗ ಬರುವುದನ್ನು ವೈದ್ಯರು ಕಂಡಿದ್ದರಿಂದ ಬಲೆಯನ್ನು ಅಗಲವಾಗಿ ಬೀಸಿದ್ದಾರೆ.

ಆಕ್ಸಿಜನ್ ಕೊಟ್ಟದ್ದೇ ತಪ್ಪಾಯಿತೇ ಎಂಬ ಸಂಶಯ ನಿಮಗೆ ಬರಬಹುದು. ಈ ರೋಗವನ್ನು ಮೊದಲು ವರ್ಣಿಸಿದ್ದು 1942ರಲ್ಲಿ, ಬಾಸ್ಟನ್ನಿನ ಟೆರಿ ಎಂಬ ವೈದ್ಯರು. ಲೆಕ್ಕವಿಲ್ಲದೆ ಕೊಟ್ಟ ಆಮ್ಲಜನಕಕ್ಕೂ ಇದಕ್ಕೂ ನಂಟಿದೆ ಎಂದು 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ತೋರಿಸಿದರು. ಅಷ್ಟರೊಳಗೆ ಸಾವಿರಾರು ಮಕ್ಕಳು ಕುರುಡಾಗಿದ್ದರು. 1950ರಲ್ಲಿ ಹುಟ್ಟಿದ ಹಾಡುಗಾರ ಸ್ಟೀವಿ ವಂಡರ್ ಅವರಲ್ಲೊಬ್ಬರು. ಆಮೇಲೆ ಆಮ್ಲಜನಕವನ್ನು ವಿಪರೀತ ಕಡಿತ ಮಾಡಿದಾಗ ಕೂಸುಗಳು ಸಾಯತೊಡಗಿದವು. ಅದಕ್ಕೇ ಇಂದು ರಕ್ತದ ಆಮ್ಲಜನಕ ಶೇ. 90–95ರ ನಡುವೆ ಇರುವಂತೆ ಅಳೆದು ಕೊಡುತ್ತಾರೆ. ಆಕ್ಸಿಜನ್ ಮಗುವನ್ನು ಉಳಿಸಿತು. ಕಣ್ಣು ಉಳಿಸುವ ಕೆಲಸ ಈಗ ನಿಮ್ಮ ಕೈಯಲ್ಲಿದೆ.

ನೀವು ದೂರ ಹೋಗಬೇಕಾಗಿಯೂ ಇಲ್ಲ. ನಿಮ್ಮ ಸತ್ತಿ ರೋಡಿನಲ್ಲೇ ಮುಂದೆ ಶಿವಾನಂದಪುರದಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯಿದೆ, ಅವಿನಾಶಿ ರೋಡಿನಲ್ಲಿ ಅರವಿಂದ ಆಸ್ಪತ್ರೆಯಿದೆ. ಅರವಿಂದದ ಕೊಯಮತ್ತೂರು ವೈದ್ಯರು ಇದೇ ಕಾಯಿಲೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಅಧ್ಯಯನಗಳನ್ನು ಪ್ರಕಟಿಸಿದ್ದಾರೆ. ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಸೌಕರ್ಯ ಹತ್ತಿರದಲ್ಲಿ ಇರಲಿಲ್ಲವೆಂದೇ 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಸಂಗಡಿಗರು ಕಿಡ್‌ರಾಪ್ ಎಂಬ ಯೋಜನೆ ತಂದರು. ತಂತ್ರಜ್ಞರು ಕ್ಯಾಮರಾ ಹೊತ್ತು ಜಿಲ್ಲಾ ಆಸ್ಪತ್ರೆಗಳಿಗೆ ಹೋಗಿ ಶಿಶುಗಳ ರೆಟಿನಾ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನಲ್ಲಿ ಕುಳಿತ ತಜ್ಞರು ಅದನ್ನು ನೋಡಿ ಹೇಳುತ್ತಾರೆ.

ಹೋಗುವಾಗ ಚೀಟಿ ಮರೆಯಬೇಡಿ. ಪರೀಕ್ಷೆಗೆ ಸ್ವಲ್ಪ ಹೊತ್ತು ಮೊದಲೇ ಹಾಲು ಕುಡಿಸಿ ಮುಗಿಸಿ, ಇಲ್ಲವಾದರೆ ಕಕ್ಕಬಹುದು. ಕೂಸು ಅಳುತ್ತದೆ, ಕೆಲವೇ ನಿಮಿಷ. ಮೈತುಂಬ ಬಟ್ಟೆ ಸುತ್ತಿ, ತಾಯಿಯ ಎದೆಗೆ ಒತ್ತಿ ಹಿಡಿದು ಆಟೋದಲ್ಲಿ ಕರೆದೊಯ್ಯಿರಿ. ಬಾಣಂತಿಯನ್ನು 40 ದಿನ ಒಳಗಿಡುವ ಪದ್ಧತಿ ಹುಟ್ಟಿದ್ದು ತಾಯಿ-ಮಗುವಿನ ರಕ್ಷಣೆಗೆ. ಅದೇ ರಕ್ಷಣೆಗಾಗಿ ಒಂದು ದಿನ ಹೊಸಿಲು ದಾಟಿದರೆ ಹಿರಿಯರು ಯಾರೂ ನೊಂದುಕೊಳ್ಳುವುದಿಲ್ಲ. ಮೊದಲ ಸಲ ಏನೂ ಇಲ್ಲವೆಂದರೂ ನಾಳಗಳು ಅಂಚು ಮುಟ್ಟುವವರೆಗೆ ಮತ್ತೆ ಮತ್ತೆ ಕರೆಯುತ್ತಾರೆ. ಕರೆದ ದಿನಕ್ಕೇ ಹೋಗಿ.

ಪಲ್ಲಡದ ಹ್ಯಾಚರಿಯಲ್ಲಿ ಕೆಲಸ ಮಾಡುತ್ತೇನೆ. ಊರು ಚಾಮರಾಜನಗರದ ಕಡೆ. ಕಾವು ಕೊಡುವ ಸೆಟ್ಟರ್ ಯಂತ್ರದಲ್ಲಿಟ್ಟ ಮೊಟ್ಟೆಯನ್ನು ಐದನೆಯ ದಿನ ಲೈಟಿಗೆ ಹಿಡಿದರೆ ಒಳಗೆ ಒಂದು ಕರಿ ಚುಕ್ಕೆ ಓಡಾಡುತ್ತದೆ. ಅದು ಕಣ್ಣು ಎಂದು ಸೂಪರ್‌ವೈಸರ್ ಹೇಳುತ್ತಾರೆ. ರೆಕ್ಕೆ, ಕಾಲು ಯಾವುದೂ ಕಾಣುವ ಮೊದಲೇ ಕಣ್ಣೇಕೆ ಅಷ್ಟು ದೊಡ್ಡದು?
— ಹ್ಯಾಚರಿ ಕಾರ್ಮಿಕ, ಪಲ್ಲಡಂ, ತಿರುಪ್ಪೂರು ಜಿಲ್ಲೆ

ನಿಮ್ಮ ಸೂಪರ್‌ವೈಸರ್ ಸರಿಯಾಗಿಯೇ ಹೇಳಿದ್ದಾರೆ. ಬೆನ್ನೆಲುಬಿರುವ ಪ್ರಾಣಿಗಳ ಕಣ್ಣು ಹೇಗೆ ಮೂಡುತ್ತದೆ ಎಂಬ ತಿಳಿವಳಿಕೆಯ ದೊಡ್ಡ ಪಾಲು ನೀವು ದಿನಾ ಕೈಯಲ್ಲಿ ಹಿಡಿಯುವ ಕೋಳಿಮೊಟ್ಟೆಯಿಂದಲೇ ಬಂದದ್ದು. ಅರಿಸ್ಟಾಟಲ್ ಕೂಡ ಕಾವಿಗಿಟ್ಟ ಮೊಟ್ಟೆಗಳನ್ನು ಬೇರೆಬೇರೆ ದಿನ ಒಡೆದು ನೋಡಿ, ಮರಿಯ ಕಣ್ಣು ಎಷ್ಟು ಉಬ್ಬಿರುತ್ತದೆ ಎಂದು ದಾಖಲಿಸಿದ್ದ.

ಅಕ್ಷಿಪಟಲ ಮಿದುಳಿನದೇ ಒಂದು ತುಂಡು. ಕಾವಿಗಿಟ್ಟು ಒಂದೂಕಾಲು ದಿನ ಕಳೆಯುವಷ್ಟರಲ್ಲಿ ಮಿದುಳಿನ ಕೊಳವೆಯ ಎರಡೂ ಬದಿಗೆ ಒಂದೊಂದು ಗುಳ್ಳೆ ಉಬ್ಬುತ್ತದೆ. ಆ ಗುಳ್ಳೆ ಹೊರಚರ್ಮವನ್ನು ಮುಟ್ಟಿದ ಕಡೆ ಚರ್ಮ ಒಳಸರಿದು ಮಸೂರವಾಗುತ್ತದೆ. ಗುಳ್ಳೆಯೇ ಒಳಕ್ಕೆ ಕುಸಿದು ಎರಡು ಗೋಡೆಯ ಬಟ್ಟಲಾಗುತ್ತದೆ. ಒಳಗೋಡೆ ನೋಡುವ ನರಪದರ. ಹೊರಗೋಡೆ ಕಪ್ಪು ಬಣ್ಣ ತುಂಬಿಕೊಳ್ಳುವ ಪದರ, ನೀವು ಲೈಟಿನಲ್ಲಿ ಕಾಣುವ ಕರಿ ಚುಕ್ಕೆ ಅದೇ. ಬ್ರಾಯ್ಲರಿನ ಗರಿ ಬಿಳಿಯಾದರೂ ಇದು ಕಪ್ಪಾಗಿಯೇ ಇರುತ್ತದೆ. ಮನುಷ್ಯನಲ್ಲೂ ಇದೇ ಕ್ರಮ, ಗರ್ಭದ ನಾಲ್ಕನೆಯ ವಾರದಲ್ಲಿ.

ಮಿದುಳಿನ ಭಾಗವಾದ್ದರಿಂದ ಮಿದುಳಿನ ಜತೆಗೇ ಮುಂಚಿತವಾಗಿ ಬೆಳೆಯುತ್ತದೆ. ಕೋಳಿಗಂತೂ ಅವಸರ ಇನ್ನೂ ಹೆಚ್ಚು. 21ನೆಯ ದಿನ ಚಿಪ್ಪೊಡೆದ ಮರಿ ಸ್ವಲ್ಪ ಹೊತ್ತಿಗೇ ಕಾಳು ಕುಕ್ಕಬೇಕು. ಮೂರನೆಯ ದಿನದ ಸುಮಾರಿಗೆ ಪಟಲದ ಮೊದಲ ನರಕೋಶಗಳು ಹುಟ್ಟುತ್ತವೆ. 12ನೆಯ ದಿನದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವೂ ಹುಟ್ಟಿ ಮುಗಿದಿರುತ್ತವೆ. ಉಳಿದ ದಿನಗಳು ಒಂದು ಕೋಶ ಇನ್ನೊಂದಕ್ಕೆ ಕೊಂಡಿ ಹಾಕಿಕೊಳ್ಳುವುದಕ್ಕೆ.

ನೀವು ಮೊಟ್ಟೆಗಳನ್ನು ಸೆಟ್ಟರಿನಿಂದ ಹ್ಯಾಚರ್ ಯಂತ್ರಕ್ಕೆ ಬದಲಾಯಿಸುವ ಕೊನೆಯ ದಿನಗಳ ಬಗ್ಗೆ ಒಂದು ಸೋಜಿಗ ಹೇಳುತ್ತೇನೆ. ಆಗ ಮರಿ ಕತ್ತು ತಿರುಗಿಸಿ ಕುಳಿತಿರುತ್ತದೆ. ಎಡಗಣ್ಣು ಮೈಗೆ ಒತ್ತಿಕೊಂಡಿರುತ್ತದೆ, ಬಲಗಣ್ಣು ಚಿಪ್ಪಿನ ಕಡೆಗಿರುತ್ತದೆ. ಚಿಪ್ಪಿನ ಮೂಲಕ ಬೆಳಕು ಬಿದ್ದರೆ ಬಲಗಣ್ಣಿಗೆ ಮಾತ್ರ. ಹಾಗೆ ಬೆಳಕು ಕಂಡ ಮರಿಗಳು ಬಲಗಣ್ಣಿನಿಂದ ಕಾಳನ್ನೂ ಕಲ್ಲಹರಳನ್ನೂ ಚುರುಕಾಗಿ ಬೇರ್ಪಡಿಸುತ್ತವೆ, ಕತ್ತಲಲ್ಲೇ ಕಾವು ಪಡೆದವಲ್ಲಿ ಈ ಎಡಬಲದ ವ್ಯತ್ಯಾಸ ಅಷ್ಟು ಮೂಡುವುದಿಲ್ಲ ಎಂದು ಆಸ್ಟ್ರೇಲಿಯಾದ ಲೆಸ್ಲಿ ರೋಜರ್ಸ್ ತೋರಿಸಿದ್ದಾರೆ. ಕೋಶಗಳು ಹುಟ್ಟಿದ ಮಾತ್ರಕ್ಕೆ ಕಣ್ಣು ಮುಗಿಯಲಿಲ್ಲ, ಬೆಳಕೂ ಅದನ್ನು ತಿದ್ದುತ್ತದೆ.

ಬಿ.ಎಸ್‌ಸಿ. ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ರೆಟಿನಾದಲ್ಲಿ ಹಲವು ಬಗೆಯ ನರಕೋಶಗಳಿವೆ ಎಂದು ಪುಸ್ತಕದಲ್ಲಿದೆ. ಒಂದು ಕೋಶ ತಾನು ಯಾವ ಬಗೆ ಆಗಬೇಕೆಂದು ಹೇಗೆ ತೀರ್ಮಾನಿಸುತ್ತದೆ? ಪ್ರತಿ ಬಗೆಗೂ ಬೇರೆ ಬೇರೆ ತಾಯಿಕೋಶ ಇರುತ್ತದೆಯೇ?
— ವಿದ್ಯಾರ್ಥಿನಿ, ಮೈಸೂರು

ಬೇರೆ ಬೇರೆ ತಾಯಿಕೋಶ ಇರಬೇಕೆಂದೇ ಬಹುಕಾಲ ಹಲವರು ಊಹಿಸಿದ್ದರು. 1987ರಲ್ಲಿ ಡೇವಿಡ್ ಟರ್ನರ್ ಮತ್ತು ಕಾನ್ಸ್ಟನ್ಸ್ ಸೆಪ್ಕೊ ಇಲಿಮರಿಯ ರೆಟಿನಾದಲ್ಲಿ ಒಂದೊಂದೇ ತಾಯಿಕೋಶಕ್ಕೆ ನಿರುಪದ್ರವಿ ವೈರಸ್ಸಿನಿಂದ ಗುರುತು ಹಾಕಿದರು. ಆ ಗುರುತು ಮಕ್ಕಳು, ಮೊಮ್ಮಕ್ಕಳಿಗೂ ದಾಟುತ್ತದೆ. ಕೊನೆಗೆ ನೋಡಿದರೆ ಒಂದೇ ತಾಯಿಯ ಸಂತಾನದಲ್ಲಿ ಕಡ್ಡಿಕೋಶ, ಬೈಪೋಲಾರ್ ಕೋಶ, ಮ್ಯೂಲರ್ ಕೋಶ ಎಲ್ಲವೂ ಇದ್ದವು. ಮರುವರ್ಷ ಕಪ್ಪೆಯಲ್ಲೂ ಇದೇ ಸಿಕ್ಕಿತು. ಆರು ಬಗೆಯ ನರಕೋಶಗಳಿಗೂ ಅವನ್ನು ಪೋಷಿಸುವ ಮ್ಯೂಲರ್ ಕೋಶಕ್ಕೂ ಮೂಲ ಒಂದೇ.

ಹಾಗಾದರೆ ಬೇರೆಯಾಗುವುದು ಹೇಗೆ? ದೊಡ್ಡ ಉತ್ತರ: ಹುಟ್ಟಿದ ಹೊತ್ತಿನಿಂದ. 1961ರಲ್ಲಿ ರಿಚರ್ಡ್ ಸಿಡ್‌ಮನ್ ವಿಕಿರಣಶೀಲ ಥೈಮಿಡಿನ್ ಬಳಸಿ ಇಲಿಯ ಪಟಲದ ಕೋಶಗಳ ಹುಟ್ಟಿದ ದಿನಗಳನ್ನು ಗುರುತಿಸಿದರು. ಮೊದಲು ಗ್ಯಾಂಗ್ಲಿಯನ್ ಕೋಶಗಳು. ಕಣ್ಣಿನಿಂದ ಮಿದುಳಿಗೆ ತಂತಿ ಕಳಿಸುವವು ಅವು ಮಾತ್ರ. ಅವುಗಳ ಹಿಂದೆ ಒಂದರ ಮೇಲೊಂದು ಹಾಯುತ್ತ ಅಡ್ಡಸಂಪರ್ಕದ ಹಾರಿಜಾಂಟಲ್ ಕೋಶಗಳು, ಬಣ್ಣ ಕಾಣುವ ಶಂಕುಕೋಶಗಳು, ಅಮಾಕ್ರೈನ್ ಕೋಶಗಳು. ಮಬ್ಬು ಬೆಳಕಿನ ಕಡ್ಡಿಕೋಶಗಳಲ್ಲಿ ಹೆಚ್ಚಿನವು ಆಮೇಲೆ. ಕೊನೆಗೆ ಬೈಪೋಲಾರ್, ಎಲ್ಲಕ್ಕೂ ಹಿಂದೆ ಮ್ಯೂಲರ್. ಮೀನು, ಕಪ್ಪೆ, ಕೋಳಿ, ಇಲಿ, ಮನುಷ್ಯ ಎಲ್ಲರಲ್ಲೂ ಈ ಸಾಲು ಸ್ಥೂಲವಾಗಿ ಒಂದೇ. ಕೋಟ್ಯಂತರ ವರ್ಷಗಳ ಹಿಂದೆ ಬೇರೆಯಾದ ಪ್ರಾಣಿಗಳು ಒಂದೇ ಕ್ರಮವನ್ನು ಕಾಪಾಡಿಕೊಂಡು ಬಂದಿವೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ತಾಯಿಕೋಶ ಕಾಲ ಸರಿದಂತೆ ತಾನೇ ಬದಲಾಗುತ್ತದೆ. ಮೊದಮೊದಲು ಗ್ಯಾಂಗ್ಲಿಯನ್ ಹೆರುವ ಶಕ್ತಿ ಇರುತ್ತದೆ, ಕ್ರಮೇಣ ಕಳೆದುಹೋಗುತ್ತದೆ. ಆಟೋ7 ಎಂಬ ಜೀನ್ ಆ ಮೊದಲ ಹಂತಕ್ಕೆ ಬೇಕೇ ಬೇಕು. ಅದನ್ನು ತೆಗೆದ ಇಲಿಗಳಲ್ಲಿ ಗ್ಯಾಂಗ್ಲಿಯನ್ ಕೋಶಗಳು ಬಹುಪಾಲು ಇಲ್ಲವಾಗಿ ದೃಷ್ಟಿನರವೇ ಬೆಳೆಯುವುದಿಲ್ಲ. ನಾಚ್ ಎಂಬ ಸಂಕೇತದ ಮೂಲಕ ನೆರೆಯ ಕೋಶಗಳು ಎಲ್ಲರೂ ಒಮ್ಮೆಲೇ ನರಕೋಶವಾಗದಂತೆ ಒಬ್ಬರನ್ನೊಬ್ಬರು ತಡೆದು, ತಾಯಿಕೋಶಗಳ ದಾಸ್ತಾನನ್ನು ಮುಂದಿನ ಹಂತಕ್ಕೆ ಉಳಿಸುತ್ತವೆ. ಇಷ್ಟರ ಮೇಲೂ ಒಂದು ಅಂಶ ಆಕಸ್ಮಿಕಕ್ಕೆ ಬಿಟ್ಟದ್ದು. 2012ರಲ್ಲಿ ಕೇಂಬ್ರಿಡ್ಜಿನ ವಿಲಿಯಂ ಹ್ಯಾರಿಸ್ ಅವರ ತಂಡ ಜೀಬ್ರಾಮೀನಿನ ಕಣ್ಣಲ್ಲಿ ತಾಯಿಕೋಶಗಳ ವಿಭಜನೆಯನ್ನು ಒಂದೊಂದಾಗಿ ಬೆನ್ನುಹತ್ತಿ ನೋಡಿತು. ಯಾವ ಕೋಶ ಎಷ್ಟು ಸಲ ಒಡೆಯುತ್ತದೆ, ಏನಾಗುತ್ತದೆ ಎಂಬುದು ಬಿಡಿಬಿಡಿಯಾಗಿ ಹೇಳಲಾಗದ್ದು. ಒಟ್ಟಿನ ಲೆಕ್ಕ ಮಾತ್ರ ಪ್ರತಿ ಸಲವೂ ಸರಿಹೋಗುತ್ತದೆ.

ಹುಟ್ಟಿದವೆಲ್ಲ ಉಳಿಯುವುದೂ ಇಲ್ಲ. ಗರ್ಭದ 16–17ನೆಯ ವಾರದಲ್ಲಿ ಮನುಷ್ಯ ಶಿಶುವಿನ ಒಂದು ದೃಷ್ಟಿನರದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ತಂತುಗಳಿರುತ್ತವೆ. 30ನೆಯ ವಾರದ ಹೊತ್ತಿಗೆ ಉಳಿಯುವುದು ಸುಮಾರು 11 ಲಕ್ಷ. ಉಳಿದವು ಪರಸ್ಪರ ಮಾತಾಡುವುದನ್ನು ಕಲಿಯುವುದೂ ಕತ್ತಲಲ್ಲೇ. ಕಣ್ಣು ಇನ್ನೂ ಏನನ್ನೂ ನೋಡದಿರುವಾಗ ಗ್ಯಾಂಗ್ಲಿಯನ್ ಕೋಶಗಳ ಮೇಲೆ ವಿದ್ಯುತ್ತಿನ ಅಲೆಗಳು ಹಾದುಹೋಗುತ್ತವೆ, ಮಿದುಳಿನೊಂದಿಗಿನ ಸಂಪರ್ಕ ಹದಗೊಳ್ಳುವುದು ಅವುಗಳಿಂದ. ಈ ಅಲೆಗಳನ್ನು ದಾಖಲಿಸಿದವರಲ್ಲಿ ಕಾರ್ಲಾ ಶಾಟ್ಜ್ ಅವರ ತಂಡ ಒಂದು, 1991ರಲ್ಲಿ. ಸೆಮಿನಾರಿಗೆ ವಿಷಯ ಬೇಕಿದ್ದರೆ ಇದನ್ನು ಆರಿಸಿಕೊಳ್ಳಿ.

ಬಸುರಿಯಾಗಿದ್ದೇನೆ. ಮಗುವಿನ ಕಣ್ಣು ಚೆನ್ನಾಗಿರಲೆಂದು ಅತ್ತೆ ದಿನಾ ಊಟಿ ಕ್ಯಾರೆಟ್ ಕೊಡುತ್ತಾರೆ. ವಿಟಮಿನ್ ಎ ಮಾತ್ರೆಯನ್ನೂ ತಗೋ ಅನ್ನುತ್ತಾರೆ.
— ಬನಿಯನ್ ಕಂಪನಿ ಉದ್ಯೋಗಿ, ತಿರುಪ್ಪೂರು

ಕ್ಯಾರೆಟ್, ನುಗ್ಗೆಸೊಪ್ಪು ಧಾರಾಳವಾಗಿ ತಿನ್ನಿ. ಅವುಗಳಲ್ಲಿರುವುದನ್ನು ದೇಹ ತನಗೆ ಬೇಕಾದಷ್ಟೇ ವಿಟಮಿನ್ ಎ ಆಗಿ ಮಾಡಿಕೊಳ್ಳುತ್ತದೆ. ಮಾತ್ರೆಯನ್ನು ಡಾಕ್ಟರು ಹೇಳದೆ ನುಂಗಬೇಡಿ. ವಿಟಮಿನ್ ಎಯಿಂದ ಹುಟ್ಟುವ ರೆಟಿನಾಯಿಕ್ ಆಮ್ಲ ಕಣ್ಣಿನ ಬಟ್ಟಲು ರೂಪುಗೊಳ್ಳಲು ಬೇಕು, ಆದರೆ ಅತಿಯಾದರೆ ಭ್ರೂಣದ ಬೆಳವಣಿಗೆಯೇ ಕೆಡುತ್ತದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಬಸುರಿಯರು ಮುಟ್ಟಲೇಬಾರದೆನ್ನುವುದು ಇದಕ್ಕೇ.

ನನ್ನ ತಮ್ಮನಿಗೆ ಇರುಳುಗುರುಡು. ಆರ್‌ಪಿ ಎಂದಿದ್ದಾರೆ. ನಮ್ಮ ಮನೆತನದಲ್ಲಿ ಬೇರೆ ಯಾರಿಗೂ ಇಲ್ಲ. ನನ್ನ ಮಗಳನ್ನು ಅವನಿಗೇ ಕೊಡಬೇಕೆಂದು ತಾಯಿಯ ಆಸೆ. ಹುಟ್ಟುವ ಮಕ್ಕಳಿಗೂ ಬರುತ್ತದೆಯೇ?
— ಓದುಗರು, ತಾಳವಾಡಿ

ತಂಗಿ, ನೀವು ಮದುವೆಗೆ ಮೊದಲು ಕೇಳಿದ್ದು ಒಳ್ಳೆಯದಾಯಿತು. ಆರ್‌ಪಿ, ಅಂದರೆ ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಸಾಮಾನ್ಯವಾಗಿ ಪಟಲ ಗರ್ಭದಲ್ಲಿ ಸರಿಯಾಗಿಯೇ ಕಟ್ಟಿಕೊಂಡಿರುತ್ತದೆ. ಜೀನಿನ ದೋಷದಿಂದ ಕಡ್ಡಿಕೋಶಗಳು ವರ್ಷಗಳ ಮೇಲೆ ಸಾಯುತ್ತವೆ, ಅವುಗಳ ಹಿಂದೆ ಶಂಕುಕೋಶಗಳು. ತಂದೆತಾಯಿಗೆ ಇಲ್ಲದೆ ಮಗನಿಗೆ ಮಾತ್ರ ಬಂದಿದ್ದರೆ, ಬಹಳ ಸಲ ಇಬ್ಬರಲ್ಲೂ ಅಡಗಿದ್ದ ಜೀನಿನ ಎರಡು ಪ್ರತಿಗಳು ಅವನಲ್ಲಿ ಸೇರಿರುತ್ತವೆ. ಹಾಗಿದ್ದರೆ ಅಕ್ಕನಾದ ನಿಮ್ಮಲ್ಲಿ ಒಂದು ಪ್ರತಿ ಇರುವ ಸಾಧ್ಯತೆ ಮೂರರಲ್ಲಿ ಎರಡು. ನಿಮ್ಮ ಮಗಳಲ್ಲಿ ಮೂರರಲ್ಲಿ ಒಂದು. ಅವಳು ಸೋದರಮಾವನನ್ನೇ ಮದುವೆಯಾದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ಆರರಲ್ಲಿ ಒಂದು. ನಿಮ್ಮ ತಮ್ಮ ನಂಟಸ್ತಿಕೆಯ ಹೊರಗಿನ ಹೆಣ್ಣನ್ನು ಮದುವೆಯಾದರೆ ಈ ಸಾಧ್ಯತೆ ತೀರ ಕಡಿಮೆ. ಆರರಲ್ಲಿ ಒಂದು ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡ ಅಪಾಯ. ನಾನಾದರೆ ಈ ಸಂಬಂಧ ಬೇಡ ಅನ್ನುತ್ತೇನೆ, ನಿಮ್ಮ ತಾಯಿಯ ಎದುರು ಕುಳಿತೂ ಅದನ್ನೇ ಹೇಳುತ್ತೇನೆ.

ತಮ್ಮನ ಜೀನ್ ಪರೀಕ್ಷೆ ಮಾಡಿಸಿ. ಕೊಯಮತ್ತೂರಿನ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ದೋಷ ಯಾವ ಜೀನಿನದೆಂದು ತಿಳಿದರೆ ಮನೆತನದ ಉಳಿದವರನ್ನೂ ಖಚಿತವಾಗಿ ಪರೀಕ್ಷಿಸಬಹುದು, ಮೇಲಿನ ಊಹೆಯ ಲೆಕ್ಕ ಆಗ ಬೇಕಿಲ್ಲ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಆರ್‌ಪಿಇ65 ಎಂಬ ಒಂದೇ ಜೀನಿನ ದೋಷಕ್ಕೆ. ಎಲ್ಲ ಆರ್‌ಪಿಗೂ ಅದು ಆಗುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಭವಾನಿಸಾಗರದಲ್ಲಿ ಮೀನು ಹಿಡಿಯುತ್ತೇವೆ. ಮೀನಿನ ಕಣ್ಣಿಗೆ ಪೆಟ್ಟಾದರೆ ರೆಟಿನಾ ಮತ್ತೆ ಬೆಳೆಯುತ್ತದೆ ಎಂದು ಮಗ ಶಾಲೆಯಲ್ಲಿ ಕೇಳಿ ಬಂದಿದ್ದಾನೆ. ನಮ್ಮ ತಂದೆಗೆ ಗ್ಲಾಕೋಮಾದಿಂದ ಒಂದು ಕಣ್ಣು ಹೋಗಿದೆ. ಮನುಷ್ಯರಿಗೂ ಹಾಗೆ ಬೆಳೆಸಲು ಆಗುವುದಿಲ್ಲವೇ?
— ಓದುಗರು, ಭವಾನಿಸಾಗರ

ನಿಮ್ಮ ಮಗ ಕೇಳಿ ಬಂದದ್ದು ನಿಜ. ಮೀನು ಬದುಕಿರುವಷ್ಟು ಕಾಲ ದೊಡ್ಡದಾಗುತ್ತ ಹೋಗುತ್ತದೆ, ಕಣ್ಣೂ ಜತೆಗೆ. ಪಟಲದ ಅಂಚಿನಲ್ಲಿ ಒಂದು ಸುತ್ತು ತಾಯಿಕೋಶಗಳು ಕೊನೆಯವರೆಗೂ ಹೊಸ ನರಕೋಶಗಳನ್ನು ಹೆರುತ್ತಿರುತ್ತವೆ. ಪೆಟ್ಟಾದರೆ ಇನ್ನೊಂದು ಶಕ್ತಿ ಎಚ್ಚರಗೊಳ್ಳುತ್ತದೆ: ಮೈಸೂರಿನ ವಿದ್ಯಾರ್ಥಿನಿಗೆ ಹೇಳಿದೆನಲ್ಲ, ಎಲ್ಲಕ್ಕಿಂತ ಕೊನೆಗೆ ಹುಟ್ಟುವ ಮ್ಯೂಲರ್ ಕೋಶ, ಅದು ಮತ್ತೆ ತಾಯಿಕೋಶವಾಗಿ ಕಳೆದುಹೋದದ್ದನ್ನು ತುಂಬಿಕೊಡುತ್ತದೆ. ಮನುಷ್ಯನ ಕಣ್ಣಲ್ಲೂ ಮ್ಯೂಲರ್ ಕೋಶವಿದೆ. ಪೆಟ್ಟಾದಾಗ ಅದು ಗಾಯದ ಕಲೆ ಕಟ್ಟುತ್ತದೆ, ಹೊಸ ನರಕೋಶ ಕೊಡುವುದಿಲ್ಲ. 2017ರಲ್ಲಿ ಸಿಯಾಟಲ್ಲಿನ ಥಾಮಸ್ ರೇ ಅವರ ಪ್ರಯೋಗಾಲಯ ಬೆಳೆದ ಇಲಿಯ ಮ್ಯೂಲರ್ ಕೋಶಗಳಲ್ಲಿ ಒಂದು ಜೀನನ್ನು ಚಾಲೂ ಮಾಡಿ, ಜತೆಗೊಂದು ಔಷಧಿ ಕೊಟ್ಟು ನರಕೋಶಗಳನ್ನು ಹುಟ್ಟಿಸಿತು. ಇದು ಆಶೆ ಹುಟ್ಟಿಸುವ ಕೆಲಸ, ನಾನು ಎವೆಯಿಕ್ಕದೆ ಗಮನಿಸುತ್ತಿರುವ ಕೆಲಸ. ನಿಮ್ಮ ತಂದೆಯ ಕಣ್ಣಿಗೆ ಬರುವಷ್ಟು ಹತ್ತಿರಕ್ಕೆ ಅದು ಇನ್ನೂ ಬಂದಿಲ್ಲ.

ಗ್ಲಾಕೋಮಾದಲ್ಲಿ ಸಾಯುವುದು ಗ್ಯಾಂಗ್ಲಿಯನ್ ಕೋಶಗಳು. ಹೊಸದನ್ನು ಹುಟ್ಟಿಸಿದರೂ ಅದರ ತಂತು ಕಣ್ಣಿನಿಂದ ಹೊರಟು, ಮಿದುಳಿನ ನಡುವಿನ ತನ್ನ ಜಾಗವನ್ನು ಹುಡುಕಿ ತಲುಪಬೇಕು. ಭ್ರೂಣದಲ್ಲಿ ಆ ದಾರಿ ಕೆಲವೇ ಮಿಲಿಮೀಟರು, ದಿಕ್ಕು ತೋರುವ ಸಂಕೇತಗಳೂ ಆಗ ಇರುತ್ತವೆ. ಬೆಳೆದವರಲ್ಲಿ ಹಾಗಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬರಿಗೆ ಇಡೀ ಕಣ್ಣನ್ನೇ ಕಸಿ ಮಾಡಿದರು. ಕಣ್ಣು ರಕ್ತ ಪಡೆದು ಉಳಿಯಿತು, ನೋಟ ಬರಲಿಲ್ಲ.

ತಂದೆಯ ಇನ್ನೊಂದು ಕಣ್ಣನ್ನು ಕಾಯಿರಿ. ಗ್ಲಾಕೋಮಾದ ಹನಿ ಔಷಧಿ ನೋಟವನ್ನು ಸುಧಾರಿಸುವುದಿಲ್ಲ, ಅದಕ್ಕೇ ಹಲವರು ಪ್ರಯೋಜನವಿಲ್ಲವೆಂದು ಬಿಟ್ಟುಬಿಡುತ್ತಾರೆ. ಅದರ ಕೆಲಸ ಕಣ್ಣಿನ ಒತ್ತಡ ಇಳಿಸಿ, ಉಳಿದ ಕೋಶಗಳನ್ನು ಉಳಿಸುವುದು. ಒಂದು ಹೊತ್ತೂ ತಪ್ಪದಂತೆ ನೀವೇ ಹಾಕಿ. ನಿಮಗೂ ನಿಮ್ಮ ಒಡಹುಟ್ಟಿದವರಿಗೂ ಈ ರೋಗ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು. 40 ದಾಟಿದವರೆಲ್ಲ ಕಣ್ಣಿನ ಒತ್ತಡವನ್ನೂ ದೃಷ್ಟಿನರದ ಬುಡವನ್ನೂ ಪರೀಕ್ಷಿಸಿಕೊಳ್ಳಿ. ನೋವಿಲ್ಲ, ಮಂಜಿಲ್ಲ ಎಂದು ಸುಮ್ಮನಿರಬೇಡಿ. ಈ ರೋಗ ಬದಿಯ ನೋಟದಿಂದ ತಿನ್ನುತ್ತ ಬರುತ್ತದೆ, ನಡುವಿನ ನೋಟಕ್ಕೆ ಕೈ ಹಾಕುವುದು ಕಟ್ಟಕಡೆಗೆ.